ಸಂಜೆ ಆಟಕ್ಕೆ ಯಾವ ಕಾಕ್? ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ ಯೋನೆಕ್ಸ್ ಮಾವಿಸ್ 350

ದಿನವಿಡೀ ದುಡಿದು ಹೈರಾಣಾಗಿ, ಸಂಜೆ ಒಂದು ತಾಸು ಬ್ಯಾಡ್ಮಿಂಟನ್ ಆಡಿ ತಲೆ ಹಗುರ ಮಾಡಿಕೊಳ್ಳಬೇಕು ಅನ್ನುವವರು ನಮ್ಮ ಭಾಗದಲ್ಲಿ ಮೊದಲು ರೊಕ್ಕ ಹಾಕುವುದು ಬ್ಯಾಟಿಗೆ. ಹಾಕಬೇಕಾದ್ದು ಶಟಲ್ ಅನ್ನುವ ಕಾಕ್‌ಗೆ. ಅದೂ ದುಬಾರಿ ಕಾಕ್‌ಗೆ ಅಲ್ಲ, ನಮ್ಮ ಹವೆಗೆ ಹೊಂದುವ ವೇಗದ ಕಾಕ್‌ಗೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಒಳಾಂಗಣ ಕೋರ್ಟ್‌ಗಳಲ್ಲಿ ವಾರಕ್ಕೆ ಮೂರು-ನಾಲ್ಕು ಸಂಜೆ ಡಬಲ್ಸ್ ಆಡುವವರಿಗೆ ಯೋನೆಕ್ಸ್ ಕಂಪನಿಯ ನೈಲಾನ್ ಕಾಕ್ ಮಾವಿಸ್ 350, ಅದರಲ್ಲೂ ಹಸಿರು ಪಟ್ಟಿಯದ್ದು, ಛಲೋ ಆಯ್ಕೆ. ಯಾಕೆ, ಎಲ್ಲಿಯವರೆಗೆ, ಯಾರಿಗೆ ಬೇಡ ಅನ್ನುವುದನ್ನು ಬಿಡಿಸಿ ಬರೆಯುತ್ತೇವೆ.

ಆಟದಿಂದ ತಲೆ ಹಗುರಾಗುವುದು ರ‍್ಯಾಲಿಯಲ್ಲಿ. ಕಾಕ್ ನೆಟ್ಟಿನ ಮೇಲೆ ಹದಿನೈದು-ಇಪ್ಪತ್ತು ಸಲ ಹೋಗಿ ಬಂದಾಗ ಕಣ್ಣು, ಕಾಲು, ಕೈ ಮೂರೂ ಒಂದೇ ಕೆಲಸಕ್ಕೆ ಬೀಳುತ್ತವೆ. ಬ್ಯಾಂಕಿನ ಟಾರ್ಗೆಟ್ಟು, ವರ್ಕ್‌ಶಾಪಿನ ಶಿಫ್ಟು, ಕೋರ್ಟಿನ ಮುಂದಿನ ತಾರೀಖು ಯಾವುದಕ್ಕೂ ಒಳಗೆ ಜಾಗ ಉಳಿಯುವುದಿಲ್ಲ. ಅದೇ ಮೂರನೇ ಹೊಡೆತಕ್ಕೇ ಕಾಕ್ ಹಿಂದಿನ ಗೆರೆ ದಾಟಿ ಹೋಗುತ್ತಿದ್ದರೆ ಆಟ ಬರೀ ಎತ್ತಿಕೊಂಡು ಬರುವ ಕೆಲಸವಾಗುತ್ತದೆ. "ಔಟ್ ಐತಿ", "ಇಲ್ಲೋ ಮಾರಾಯಾ, ಗೆರಿ ಮ್ಯಾಲೆ ಬಿದ್ದೈತಿ" ಅನ್ನುವ ವಾದ ಬೇರೆ. ಆ ನಡುವಿನ ಪುರುಸೊತ್ತಿನಲ್ಲಿ ಬಿಟ್ಟು ಬಂದ ಕೆಲಸವೆಲ್ಲ ತಿರುಗಿ ತಲೆಯೊಳಗೆ ಹೊಕ್ಕುತ್ತದೆ. ಹೀಗಾಗಿ ಕಾಕ್‌ನ ವೇಗ ಅನ್ನುವುದು ಟೂರ್ನಮೆಂಟಿನವರ ಚಿಂತೆ ಅಷ್ಟೇ ಅಲ್ಲ. ಆರಾಮಕ್ಕೆ ಆಡುವವರಿಗೇ ಅದು ಹೆಚ್ಚು ಮುಖ್ಯ, ಯಾಕೆಂದರೆ ತಪ್ಪು ವೇಗವನ್ನು ಕೈಚಳಕದಿಂದ ಸರಿದೂಗಿಸಿಕೊಳ್ಳುವ ಅಭ್ಯಾಸ ಅವರಿಗೆ ಇರುವುದಿಲ್ಲ.

ಮಾವಿಸ್ 350ರ ಡಬ್ಬಿಯಲ್ಲಿ 6 ಕಾಕ್ ಇರುತ್ತವೆ. ಕೆಳಗೆ ಕಾರ್ಕಿನ ಬುಡ, ಮೇಲೆ ನೈಲಾನಿನ ಬಲೆಯಂಥ ರೆಕ್ಕೆ, ಬುಡದ ಸುತ್ತ ಬಣ್ಣದ ಪಟ್ಟಿ. ರೆಕ್ಕೆ ಹಳದಿ ಮತ್ತು ಬಿಳಿ ಎರಡರಲ್ಲೂ ಸಿಗುತ್ತದೆ. ಗರಿಯ ಕಾಕ್‌ಗೆ ನಿಯಮದ ಪ್ರಕಾರ 16 ಗರಿ, ತೂಕ 4.74ರಿಂದ 5.50 ಗ್ರಾಂ, ನೈಲಾನಿಗೂ ಅಳತೆ-ತೂಕ ಅದೇ, ಆದರೆ ವಸ್ತು ಬೇರೆಯಾದ್ದರಿಂದ ಶೇ. 10ರಷ್ಟು ಹೆಚ್ಚು-ಕಡಿಮೆಗೆ ಅವಕಾಶ ಕೊಟ್ಟಿದ್ದಾರೆ. ತೀರಾ ಅಗ್ಗದ ಪ್ಲಾಸ್ಟಿಕ್ ಕಾಕ್‌ಗಳಲ್ಲಿ ಬುಡಕ್ಕೆ ಫೋಮ್ ಅಥವಾ ರಬ್ಬರ್ ಇರುತ್ತದೆ. ಅವು ಗಟ್ಟಿಂಗ್ (ಬ್ಯಾಟಿನ ದಾರದ ಬಲೆ) ಮೇಲೆ ಮೆತ್ತಗೆ ಬಿದ್ದು ಮೆತ್ತಗೇ ಏಳುತ್ತವೆ, ಎಷ್ಟು ಬಲ ಹಾಕಿದ್ದೇವೆ ಅನ್ನುವುದು ಕೈಗೆ ತಿಳಿಯುವುದೇ ಇಲ್ಲ. ಕಾರ್ಕ್ ಬುಡದ ದೊಡ್ಡ ಗುಣ ಅದು: ಹೊಡೆತದ ಸದ್ದು, ಅದರ ಏಟು ಎರಡೂ ಸ್ಪಷ್ಟ.

ಈಗ ಪಟ್ಟಿಯ ಬಣ್ಣ. ಹಸಿರು ಅಂದರೆ ನಿಧಾನ, ನೀಲಿ ಅಂದರೆ ಮಧ್ಯಮ, ಕೆಂಪು ಅಂದರೆ ವೇಗ. ಕಂಪನಿಯ ಲೆಕ್ಕದಲ್ಲಿ ಹಸಿರು 22ರಿಂದ 33 ಡಿಗ್ರಿ ಸೆಲ್ಸಿಯಸ್ ಹವೆಗೆ, ನೀಲಿ 12ರಿಂದ 23ಕ್ಕೆ, ಕೆಂಪು 13ಕ್ಕಿಂತ ಕೆಳಗಿನ ಚಳಿಗೆ. ನಮ್ಮೂರಲ್ಲಿ ಬಹಳ ಮಂದಿ ಇದನ್ನು ಉಲ್ಟಾ ತಿಳಿದಿದ್ದಾರೆ: ಹಸಿರು ಕಲಿಯುವವರಿಗೆ, ಕೆಂಪು ಛಲೋ ಆಡುವವರಿಗೆ ಅಂತ. ಬಣ್ಣಕ್ಕೂ ಆಟಗಾರನ ಮಟ್ಟಕ್ಕೂ ಸಂಬಂಧ ಇಲ್ಲ. ಸಂಬಂಧ ಇರುವುದು ಗಾಳಿಗೆ.

ಕಾಕ್ ನಿಲ್ಲುವುದು ಗಾಳಿಯ ತಡೆಯಿಂದ. ಗಾಳಿ ತೆಳುವಾದಷ್ಟು ತಡೆ ಕಡಿಮೆ, ಕಾಕ್ ದೂರ ಹೋಗುತ್ತದೆ. ಎರಡು ಕಾರಣಕ್ಕೆ ನಮ್ಮಲ್ಲಿ ಗಾಳಿ ತೆಳು. ಒಂದು ಎತ್ತರ: ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ, ಧಾರವಾಡ 700 ಮೀಟರಿಗೂ ಮೇಲೆ. ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರದಂಡೆಗಿಂತ ಸುಮಾರು ಶೇ. 6ರಿಂದ 7ರಷ್ಟು ಕಡಿಮೆ. ಎರಡು ಬಿಸಿಲು: 20 ಡಿಗ್ರಿ ಇದ್ದದ್ದು 36 ಆದರೆ ಸಾಂದ್ರತೆ ಇನ್ನೂ ಶೇ. 5ರಷ್ಟು ಇಳಿಯುತ್ತದೆ. ಎರಡೂ ಸೇರಿ ಏಪ್ರಿಲ್ ಸಂಜೆ ತಗಡಿನ ಛಾವಣಿಯ ಕೋರ್ಟಿನೊಳಗೆ ನೀಲಿ ಪಟ್ಟಿಯ ಕಾಕ್ ತೆಗೆದರೆ ಪ್ರತಿ ಟಾಸ್ (ಹಿಂದಿನ ಗೆರೆಯತ್ತ ಎತ್ತರಕ್ಕೆ ಎತ್ತಿ ಹೊಡೆದದ್ದು) ಗೆರೆಯಾಚೆ. ಮಂಗಳೂರಿನಲ್ಲಿ ಆಡಿ ಬಂದವರು ಇಲ್ಲಿ ಮೊದಲ ವಾರ ಎಲ್ಲವನ್ನೂ ಔಟ್ ಹೊಡೆಯುವುದು ಇದಕ್ಕೇ. ಅವರ ಕೈ ಕೆಟ್ಟಿಲ್ಲ, ಗಾಳಿ ಬದಲಾಗಿದೆ.

ಹೀಗಾಗಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಕಣ್ಣು ಮುಚ್ಚಿ ಹಸಿರು ತಗೊಳ್ಳಿ. ಜೂನ್-ಜುಲೈ ಮಳೆಗಾಲದ ಸಂಜೆಗೂ ಹಸಿರೇ ಸರಿ. ಡಿಸೆಂಬರ್-ಜನವರಿಯಲ್ಲಿ ಬೆಳಗ್ಗೆ ಐದೂವರೆ-ಆರಕ್ಕೆ ಆಡುವವರಿಗೆ ಮಾತ್ರ ನೀಲಿ ಬೇಕಾಗುತ್ತದೆ; ಆ ಹೊತ್ತಿಗೆ ಹಸಿರು ಹಿಂದಿನ ಗೆರೆ ಮುಟ್ಟದೆ ನಡು ಕೋರ್ಟಿನಲ್ಲೇ ಬೀಳಬಹುದು, ಬಲ ಹಾಕಿ ಹಾಕಿ ಭುಜ ನೋಯುತ್ತದೆ. ಕೆಂಪು ಪಟ್ಟಿ ನಮ್ಮ ನಾಲ್ಕೂ ಊರಿಗೆ ಯಾವ ತಿಂಗಳೂ ಬೇಡ. ಅಂಗಡಿಯಲ್ಲಿ "ಮಾವಿಸ್ ಕೊಡ್ರಿ" ಅಂತ ಅಷ್ಟೇ ಕೇಳಿದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. "ಮುನ್ನೂರ ಐವತ್ತು, ಹಸಿರು ಪಟ್ಟಿ, ಹಳದಿ ಬಣ್ಣ" ಅಂತ ಮೂರೂ ಹೇಳಿ ಕೇಳಬೇಕು.

ವೇಗ ಸರಿ ಇದೆಯೋ ಇಲ್ಲವೋ ಕೋರ್ಟಿನಲ್ಲೇ ಪರೀಕ್ಷೆ ಮಾಡಬಹುದು, ಎರಡು ನಿಮಿಷದ ಕೆಲಸ. ಹಿಂದಿನ ಕೊನೆಯ ಗೆರೆಯ ಮೇಲೆ ನಿಂತು, ಪಕ್ಕದ ಗೆರೆಗೆ ಸಮಾನಾಂತರವಾಗಿ, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬಲದಿಂದ ಕಾಕ್ ಎತ್ತಿ ಹೊಡೆಯಿರಿ. ಆ ಬದಿಯ ಕೊನೆಯ ಗೆರೆಗಿಂತ 530ರಿಂದ 990 ಮಿಲಿಮೀಟರ್ ಈಚೆಗೆ ಬಿದ್ದರೆ ವೇಗ ಸರಿ ಅನ್ನುತ್ತದೆ ನಿಯಮ. ಟೇಪು ಹಿಡಿದು ಅಳೆಯಬೇಕಾಗಿಲ್ಲ. ಡಬಲ್ಸ್‌ನ ಉದ್ದ ಸರ್ವಿಸ್ ಗೆರೆ ಕೊನೆಯ ಗೆರೆಯಿಂದ 760 ಮಿಲಿಮೀಟರ್ ಒಳಗೆ ಇರುತ್ತದೆ, ಅದು ಬರೋಬ್ಬರಿ ಆ ಎರಡು ಅಳತೆಗಳ ನಟ್ಟನಡುವೆ. ಅಂದರೆ ಕಾಕ್ ಆ ಒಳಗಿನ ಗೆರೆಯ ಆಜುಬಾಜು, ಅತ್ತ-ಇತ್ತ ಒಂದು ಗೇಣಿನೊಳಗೆ ಬಿದ್ದರೆ ಛಲೋ. ಕೊನೆಯ ಗೆರೆಗೇ ಬಡಿದರೆ ಅಥವಾ ದಾಟಿದರೆ ಆ ದಿನದ ಹವೆಗೆ ಅದು ಓಡುವ ಕಾಕ್. ಎರಡೂ ಬದಿಯಿಂದ, ಇಬ್ಬರು ಬೇರೆ ಬೇರೆಯವರು ಹೊಡೆದು ನೋಡಿ; ಒಂದು ಬದಿಯಿಂದ ಮಾತ್ರ ದೂರ ಹೋಗುತ್ತಿದ್ದರೆ ಎಲ್ಲೋ ಕಿಟಕಿಯೋ ಫ್ಯಾನೋ ತೆರೆದಿದೆ ಅಂತ ಅರ್ಥ, ಕಾಕ್ ಬದಲಿಸಿ ಉಪಯೋಗ ಇಲ್ಲ.

ಪರೀಕ್ಷೆ ಮಾಡುವಾಗಲೇ ನೆಟ್ಟನ್ನೂ ನೋಡಿಕೊಳ್ಳಿ. ನಡುವೆ 1.524 ಮೀಟರ್, ಅಂದರೆ 5 ಅಡಿ ಇರಬೇಕು, ಕಂಬದ ಹತ್ತಿರ 1.55 ಮೀಟರ್. ಬ್ಯಾಟಿನ ಉದ್ದ ಸಾಮಾನ್ಯವಾಗಿ 675 ಮಿಲಿಮೀಟರ್. ಎರಡು ಬ್ಯಾಟ್ ಒಂದರ ಮೇಲೊಂದು ನಿಲ್ಲಿಸಿ, ಮೇಲೆ ಮುಕ್ಕಾಲು ಗೇಣು ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಬಾಡಿಗೆ ಕೋರ್ಟ್‌ಗಳಲ್ಲಿ ನೆಟ್ ನಡುವೆ ಜೋತು ಬಿದ್ದಿರುವುದು ಮಾಮೂಲು. ನೆಟ್ ಇಳಿದರೆ ಎಲ್ಲ ಹೊಡೆತವೂ ಚಪ್ಪಟೆಯಾಗಿ ಎದೆಗೆ ಬರುತ್ತದೆ, ರ‍್ಯಾಲಿ ಸಾಯುತ್ತದೆ. ಕಂಬದ ಹಗ್ಗ ಎಳೆದು ಕಟ್ಟುವುದಕ್ಕೆ ಒಂದು ನಿಮಿಷ ಸಾಕು.

ಆಟದಲ್ಲಿ ಮಾವಿಸ್ 350 ಹೇಗೆ? ಗರಿಯ ಕಾಕ್ ಬ್ಯಾಟ್ ಬಿಟ್ಟ ಕೂಡಲೇ ಜೋರಾಗಿ ಹೋಗಿ, ಕೊನೆಗೆ ಗಕ್ಕನೆ ವೇಗ ಕಳಕೊಂಡು ನೆಟ್ಟಗೆ ಕೆಳಗೆ ಬೀಳುತ್ತದೆ. ನೈಲಾನ್ ಹಾಗಲ್ಲ. ಜೋರು ಹೊಡೆತಕ್ಕೆ ಅದರ ರೆಕ್ಕೆ ಒಳಗೆ ಮಡಚುತ್ತದೆ, ಮತ್ತೆ ಅರಳುವುದಕ್ಕೆ ಗರಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರವರೆಗೆ ತಡೆ ಕಡಿಮೆ, ಹೀಗಾಗಿ ದಾರಿ ಚಪ್ಪಟೆ. ಸ್ಮ್ಯಾಶ್ ಕೊನೆಯವರೆಗೂ ವೇಗ ಉಳಿಸಿಕೊಂಡು ಬರುತ್ತದೆ, ಟಾಸ್ ನೆತ್ತಿಯ ಮೇಲೆ ನೇರ ಬೀಳದೆ ಓರೆಯಾಗಿ ಇಳಿಯುತ್ತದೆ. ಅಗ್ಗದ ನೈಲಾನ್ ಕಾಕ್‌ಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. 350ರ ರೆಕ್ಕೆ ಬೇಗ ಅರಳುವುದರಿಂದ ಬಹಳ ಕಡಿಮೆ. ನೆಟ್ ಹತ್ತಿರದ ಆಟದಲ್ಲಿ ಮಾತ್ರ ವ್ಯತ್ಯಾಸ ಉಳಿದೇ ಇದೆ. ಗರಿಯ ಕಾಕ್‌ಗೆ ಅಡ್ಡ ಸವರಿದರೆ ಉರುಳಿ ಉರುಳಿ ನೆಟ್ ದಾಟುತ್ತದಲ್ಲ, ಆ ಮಜಾ ನೈಲಾನಿನಲ್ಲಿ ಇಲ್ಲ. ಟಾಸ್, ಡ್ರೈವ್ (ಚಪ್ಪಟೆ ಹೊಡೆತ), ಡ್ರಾಪ್ (ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವುದು), ಇಷ್ಟರಲ್ಲೇ ಸಂಜೆಯ ತಾಸು ಕಳೆಯುವವರಿಗೆ ಅದರಿಂದ ಏನೂ ಕೊರತೆಯಾಗದು.

ಬಣ್ಣದ ಬಗ್ಗೆ ಒಂದು ಮಾತು. ಹಳದಿ ತಗೊಳ್ಳಿ. ನಮ್ಮಲ್ಲಿ ಶೆಡ್ ಕೋರ್ಟ್‌ಗಳ ತಗಡು, ಗೋಡೆ ಬಿಳಿ ಅಥವಾ ಬೂದು. ಎಲ್‌ಇಡಿ ದೀಪದ ಕೆಳಗೆ ಬಿಳಿ ಕಾಕ್ ಛಾವಣಿಯಲ್ಲಿ ಕರಗಿ ಹೋಗುತ್ತದೆ, ಟಾಸ್ ಎತ್ತಿದಾಗ ಅರೆಗಳಿಗೆ ಕಾಣುವುದೇ ಇಲ್ಲ. ಗೋಡೆಗೆ ಗಾಢ ಹಸಿರು ಅಥವಾ ನೀಲಿ ಬಳಿದ ಕೋರ್ಟಾದರೆ ಯಾವುದಾದರೂ ನಡೆಯುತ್ತದೆ.

ಬಾಳಿಕೆ ಈ ಕಾಕ್‌ನ ನಿಜವಾದ ಬಲ, ಮತ್ತು ಜನ ಅದನ್ನು ಹಾಳುಮಾಡಿಕೊಳ್ಳುವುದೂ ಇಲ್ಲೇ. ಗರಿಯ ಕಾಕ್ ಒಂದು ಬಿರುಸಿನ ಡಬಲ್ಸ್ ಆಟದಲ್ಲೇ ಎರಡು-ಮೂರು ಖರ್ಚಾಗಬಹುದು. ನೈಲಾನ್ ಕಾಕ್ ಹಲವು ಸಂಜೆ ಬರುತ್ತದೆ, ಆದರೆ ನಾಲ್ಕು ತಪ್ಪು ಮಾಡಬಾರದು.

ಮೊದಲನೆಯದು ಅದನ್ನು ಬಿಸಿಲಲ್ಲಿ ಇಡುವುದು. ಕಾಕ್ ಡಬ್ಬಿಯನ್ನು ಗಾಡಿಯ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬೆಳಗಿನಿಂದ ಸಂಜೆವರೆಗೆ ಬಿಟ್ಟರೆ ಶಾಖಕ್ಕೆ ರೆಕ್ಕೆಯ ಬಾಯಿ ಅಗಲವಾಗಿಯೋ ಮೊಟ್ಟೆಯಾಕಾರಕ್ಕೋ ತಿರುಗುತ್ತದೆ. ಆಮೇಲೆ ಅದು ಹಾರುವಾಗ ಒಲೆದಾಡುತ್ತದೆ. ಎರಡನೆಯದು ಡಬ್ಬಿಯೊಳಗೆ ಅಡ್ಡಾದಿಡ್ಡಿ ತುರುಕುವುದು. ಎಲ್ಲ ಕಾಕ್‌ನ ಬುಡವೂ ಒಂದೇ ದಿಕ್ಕಿಗೆ, ಒಂದರ ರೆಕ್ಕೆಯೊಳಗೆ ಇನ್ನೊಂದರ ಬುಡ, ಮೇಲಿನಿಂದ ಒತ್ತದೆ. ಮೂರನೆಯದು ನೆಲದ ಮೇಲಿನ ಕಾಕ್‌ನ್ನು ಕಾಲಿನಿಂದ ತಳ್ಳಿ ಆಚೆ ಬದಿಗೆ ದಾಟಿಸುವುದು ಅಥವಾ ಸಿಮೆಂಟ್ ನೆಲದ ಮೇಲೆ ಬ್ಯಾಟಿನಿಂದ ಉಜ್ಜಿ ಎತ್ತುವುದು. ರೆಕ್ಕೆಯ ತುದಿ ಸವೆದು ಎಳೆ ಎಳೆಯಾಗುತ್ತದೆ, ಜೊತೆಗೆ ಬ್ಯಾಟಿನ ಫ್ರೇಮಿಗೂ ಗೀರು. ನಾಲ್ಕನೆಯದು ಒಂದೇ ಕಾಕ್ ಸಾಯುವವರೆಗೆ ಬಡಿಯುವುದು. ಎರಡು ಕಾಕ್ ಇಟ್ಟುಕೊಂಡು ಪ್ರತಿ ಆಟಕ್ಕೆ ಬದಲಿಸಿ. ಬಡಿಸಿಕೊಂಡು ಮಡಚಿದ ರೆಕ್ಕೆಗೆ ಮೂಲ ಆಕಾರಕ್ಕೆ ಮರಳಲು ಅಷ್ಟು ಬಿಡುವು ಸಾಕು; ಎರಡು ಕಾಕ್ ಸೇರಿ ಒಂದೊಂದಾಗಿ ಆಡಿದ್ದಕ್ಕಿಂತ ಹೆಚ್ಚು ದಿನ ಬರುತ್ತವೆ.

ಮಾರ್ಚಿ-ಏಪ್ರಿಲ್‌ನ ಒಣ ಹವೆಯಲ್ಲಿ ನೈಲಾನ್ ಬೇಗ ಸೀಳುತ್ತದೆ. ಈ ವಸ್ತುವಿಗೆ ಗಾಳಿಯ ತೇವ ಹೀರುವ ಗುಣ ಇದೆ. ತೇವ ಇದ್ದಾಗ ಬಾಗುತ್ತದೆ, ಒಣಗಿದರೆ ಪೆಡಸಾಗುತ್ತದೆ. ಆಟದ ಹಿಂದಿನ ರಾತ್ರಿ ಡಬ್ಬಿಯ ಮುಚ್ಚಳ ತೆಗೆದು ಬಚ್ಚಲುಮನೆಯಲ್ಲಿ ಇಡಿ, ನೀರು ಸಿಡಿಯದ ಕಡೆ. ಕಾರ್ಕ್‌ಗೆ ನೀರು ತಾಗಬಾರದು. ಗರಿಯ ಕಾಕ್ ಆಡುವವರು ಇದನ್ನೇ ಬೇರೆ ರೀತಿ ಮಾಡುತ್ತಾರೆ: ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ಬದಿಯನ್ನು ಕುದಿಯುವ ನೀರಿನ ಉಗಿಗೆ ಅರ್ಧ ನಿಮಿಷ ಹಿಡಿದು, ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಗರಿ ಕಡಿಮೆ ಮುರಿಯುತ್ತದೆ. ಗದಗ ಕಡೆಯ ಒಣ ಬೇಸಿಗೆಯಲ್ಲಿ ಗರಿಯ ಕಾಕ್ ಆಡುವವರಿಗೆ ಇದು ಬೇಕೇ ಬೇಕು.

ರೆಕ್ಕೆ ಒಂದು ಬದಿಗೆ ಚಪ್ಪಟೆಯಾಗಿದ್ದರೆ ಎಸೆಯಬೇಡಿ. ಬುಡ ಹಿಡಿದು ರೆಕ್ಕೆಯನ್ನಷ್ಟೇ ಚಹಾದಷ್ಟು ಬಿಸಿಯ ನೀರಿನಲ್ಲಿ ಹತ್ತು-ಹದಿನೈದು ಸೆಕೆಂಡ್ ಅದ್ದಿ, ಬೆರಳಿನಿಂದ ದುಂಡಗೆ ಮಾಡಿ, ತಣ್ಣಗಾಗಲು ಬಿಡಿ. ಸೀಳಿದ್ದಕ್ಕೆ ಈ ಔಷಧ ನಡೆಯುವುದಿಲ್ಲ. ಬುಡದ ಹತ್ತಿರ ಕಡ್ಡಿಯಂಥ ಎಳೆಗಳು ಬಿರುಕು ಬಿಟ್ಟಿದ್ದರೆ, ಬುಡ ಅಲುಗಾಡುತ್ತಿದ್ದರೆ ಆ ಕಾಕ್ ಮುಗಿಯಿತು. ಹಾರಾಟದಲ್ಲಿ ಅದು ಎತ್ತ ತಿರುಗುತ್ತದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ, ಕಣ್ಣಿಗೆ ಬಡಿಯುವ ಅಪಾಯವೂ ಇದೆ. ಹೊಸಬರ ಕೈಯಲ್ಲಿ ಕಾಕ್ ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಸ್ಮ್ಯಾಶ್ ಅಲ್ಲ, ಫ್ರೇಮಿಗೆ ಬಡಿಯುವುದು. ಗಟ್ಟಿಂಗ್ ನಡುವೆ ಸಿಕ್ಕ ಕಾಕ್‌ಗೆ ಪೆಟ್ಟು ಕಾರ್ಕಿನ ಮೇಲೆ ಬೀಳುತ್ತದೆ, ಫ್ರೇಮಿಗೆ ಸಿಕ್ಕಿದ್ದಕ್ಕೆ ರೆಕ್ಕೆಯ ಮೇಲೆ.

ಈ ಹೆಸರಿನ ನಕಲಿ ಡಬ್ಬಿಗಳೂ ಮಾರುಕಟ್ಟೆಯಲ್ಲಿ ಇವೆ. ಅಸಲಿಯೋ ಅಂತ ನೋಡಲು ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದೆಯೇ, ಬಣ್ಣ ಹಬ್ಬಿದೆಯೇ ನೋಡಿ. ಆರೂ ಕಾಕ್ ತೆಗೆದು ಮೇಜಿನ ಮೇಲೆ ರೆಕ್ಕೆ ಕೆಳಗಾಗಿ ನಿಲ್ಲಿಸಿ: ಎತ್ತರ ಒಂದೇ ಸಮ ಇರಬೇಕು, ಬುಡದ ದುಂಡು ಒಂದೇ ಆಕಾರ ಇರಬೇಕು, ಪಟ್ಟಿ ಸುತ್ತಲೂ ಒಂದೇ ಅಗಲ ಅಂಟಿರಬೇಕು. ಆಭರಣದ ಅಂಗಡಿಯ ತಕ್ಕಡಿಯಂಥದ್ದು ಸಿಕ್ಕರೆ ತೂಗಿ. ಎಲ್ಲವೂ 5 ಗ್ರಾಂ ಆಸುಪಾಸು, ಒಂದರಿಂದ ಇನ್ನೊಂದಕ್ಕೆ ದೊಡ್ಡ ವ್ಯತ್ಯಾಸ ಇರಬಾರದು. ತಕ್ಕಡಿ ಇಲ್ಲದಿದ್ದರೆ ಕೈಯೆತ್ತರದಿಂದ ಬುಡ ಮೇಲಾಗಿ ಬಿಡಿ. ಒಳ್ಳೆಯ ಕಾಕ್ ಕೂಡಲೇ ಮಗುಚಿ ಬುಡದ ಮೇಲೆ ನೇರ ಇಳಿಯುತ್ತದೆ, ನಕಲಿ ಒಲೆದಾಡುತ್ತಾ ಇಳಿಯುತ್ತದೆ. ಬಿಲ್ ಕೊಡುವ ಆಟದ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವುದು ಇದೆಲ್ಲಕ್ಕಿಂತ ಸುಲಭ. ಡಬ್ಬಿ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಹೀಗಾಗಿ ಡಬ್ಬಿಯ ಬೆಲೆ ಹೋಲಿಸದೆ ತಾಸಿನ ಬೆಲೆ ಹೋಲಿಸಿ: ಡಬ್ಬಿಯ ಬೆಲೆಯನ್ನು ಆರೂ ಕಾಕ್ ಒಟ್ಟು ಎಷ್ಟು ತಾಸು ಬಂದವೋ ಅಷ್ಟರಿಂದ ಭಾಗಿಸಿ, ನಾಲ್ವರಿಗೆ ಹಂಚಿ. ಅಗ್ಗದ ಕಾಕ್ ಈ ಲೆಕ್ಕದಲ್ಲಿ ಅಗ್ಗವಾಗಿ ಉಳಿಯುವುದು ಅಪರೂಪ.

ಕಾಕ್ ಸರಿಯಾದ ಮೇಲೆ ಮುಂದಿನದು ಗಟ್ಟಿಂಗ್. ಹೊಸ ಬ್ಯಾಟಿನ ಜೊತೆ ಬಂದ ಗಟ್ಟಿಂಗ್ ಬಹುಪಾಲು ಸಡಿಲ. ಯೋನೆಕ್ಸ್ ಬಿಜಿ65 ದಾರ, 0.70 ಮಿಲಿಮೀಟರ್ ದಪ್ಪದ್ದು, ಬಾಳಿಕೆಗೂ ಕೈಗೂ ಹಿತ. ನೈಲಾನ್ ಕಾಕ್ ಜೊತೆ ಸಂಜೆ ಆಟಕ್ಕೆ 22ರಿಂದ 24 ಪೌಂಡ್ ಬಿಗಿತ ಸಾಕು. ಟಿವಿಯಲ್ಲಿ ನೋಡಿ 28 ಹಾಕಿಸುವ ಹುಚ್ಚು ಬೇಡ. ಗಟ್ಟಿಂಗ್ ಬಿಗಿಯಾದಷ್ಟು ಅದರ ನಡುವಿನ ಹೊಡೆಯುವ ಜಾಗ ಚಿಕ್ಕದಾಗುತ್ತದೆ, ಬಲವೆಲ್ಲ ನಿಮ್ಮ ಕೈಯಿಂದಲೇ ಬರಬೇಕಾಗುತ್ತದೆ, ನಡು ತಪ್ಪಿದ ಪ್ರತಿ ಹೊಡೆತವೂ ಮೊಣಕೈಗೆ ಬಂದು ತಾಗುತ್ತದೆ. ಇಡೀ ದಿನ ಮೌಸ್ ಹಿಡಿದವರ, ಸ್ಟೇರಿಂಗ್ ಹಿಡಿದವರ ಮೊಣಕೈ ಮೊದಲೇ ದಣಿದಿರುತ್ತದೆ. ಅದರ ಮೇಲೆ ಇದು ಬೇಡ. ಬ್ಯಾಟಿನ ಮೇಲೆ ಎಷ್ಟು ಪೌಂಡ್‌ವರೆಗೆ ಅಂತ ಬರೆದಿರುತ್ತದೆ, ಅದನ್ನು ದಾಟಬಾರದು. ಹಾಕಿಸಿದ ಮೊದಲ ದಿನವೇ ಒಂದೆರಡು ಪೌಂಡ್ ತಾನಾಗಿ ಇಳಿಯುತ್ತದೆ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಬದಲಿಸಬೇಕು ಅನ್ನುವ ಹಳೆಯ ಲೆಕ್ಕ ಈಗಲೂ ಸರಿ. ಒಂದು ಎಳೆ ಕಡಿದರೆ ಉಳಿದದ್ದನ್ನೂ ಕೂಡಲೇ ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಒಂದೇ ಬದಿಯ ಎಳೆತಕ್ಕೆ ಫ್ರೇಮ್ ಸೊಟ್ಟಾಗುತ್ತದೆ. ಬ್ಯಾಟ್ ಯಾವುದಾದರೂ 4ಯು, ಅಂದರೆ 80ರಿಂದ 84.9 ಗ್ರಾಂ ತೂಕದ್ದು ನಡೆಯುತ್ತದೆ. ಹೆಚ್ಚು ಬರೆಯುವಂಥದ್ದು ಅಲ್ಲಿ ಇಲ್ಲ.

ಬೂಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೆಳಗಿನ ವಾಕಿಂಗ್ ಬೂಟು ಹಾಕಿಕೊಂಡು ಕೋರ್ಟಿಗೆ ಇಳಿಯುವವರು ದಿನಾ ಕಾಣುತ್ತಾರೆ. ಓಡುವ ಬೂಟಿನ ಹಿಮ್ಮಡಿ ಎತ್ತರ, ತಳ ಮೆತ್ತಗೆ. ನೇರ ಓಟಕ್ಕೆ ಮಾಡಿದ್ದು ಅದು. ಬ್ಯಾಡ್ಮಿಂಟನ್‌ನಲ್ಲಿ ಅಡ್ಡ ಹೆಜ್ಜೆ ಹೆಚ್ಚು, ಆ ಬೂಟಿನಲ್ಲಿ ಕಣಕಾಲು ಹೊರಮುಖವಾಗಿ ಮಡಚುತ್ತದೆ. ಗಮ್ ರಬ್ಬರ್ ತಳದ, ನೆಲಕ್ಕೆ ಕಲೆ ಬೀಳದ ಕೋರ್ಟ್ ಬೂಟು ಬೇಕು. ತಳಕ್ಕೆ ಧೂಳು ಹತ್ತಿದರೆ ಸಿಂಥೆಟಿಕ್ ಮ್ಯಾಟ್ ಮೇಲೂ ಜಾರುತ್ತದೆ. ನಮ್ಮೂರ ಧೂಳಿನ ಬಗ್ಗೆ ಹೇಳುವುದೇ ಬೇಡ. ಬೂಟನ್ನು ಚೀಲದಲ್ಲಿ ತಂದು ಕೋರ್ಟಿನ ಪಕ್ಕದಲ್ಲೇ ಹಾಕಿಕೊಳ್ಳಿ, ಒದ್ದೆ ಬಟ್ಟೆಯಿಂದ ತಳ ಒಮ್ಮೆ ಒರೆಸಿ.

ಕುರ್ಚಿಯಲ್ಲಿ ಎಂಟು-ಒಂಬತ್ತು ತಾಸು ಕೂತು ನೇರ ಕೋರ್ಟಿಗೆ ಬಂದವರು ಮೊದಲ ಹತ್ತು ನಿಮಿಷ ಸ್ಮ್ಯಾಶ್ ಹೊಡೆಯಬಾರದು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು (ಅಕಿಲೀಸ್ ಟೆಂಡನ್) ಹರಿಯುವುದು ಈ ಆಟದಲ್ಲಿ ಹೆಸರುವಾಸಿ ಗಾಯ, ನಲವತ್ತರ ಹತ್ತಿರದವರಲ್ಲಿ ಹೆಚ್ಚು. ಎರಡು ನಿಮಿಷ ನಿಂತಲ್ಲೇ ಜಿಗಿತ, ಮೆಟ್ಟಿಲ ಅಂಚಿನ ಮೇಲೆ ತುದಿಗಾಲಲ್ಲಿ ನಿಂತು ಹಿಮ್ಮಡಿ ಏರಿಸಿ-ಇಳಿಸುವುದು ಹದಿನೈದು ಸಲ, ಭುಜ ತಿರುವುವುದು, ಆಮೇಲೆ ನಡು ಕೋರ್ಟಿನಿಂದ ಸಾವಕಾಶ ಟಾಸ್. ಆಟದ ನಡುವೆ ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋಯ್ದರೆ "ಇದೊಂದು ಆಟ ಮುಗೀಲಿ" ಅನ್ನಬಾರದು. ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬಿಪಿ, ಸಕ್ಕರೆ ಇರುವವರು ಶುರು ಮಾಡುವ ಮುಂಚೆಯೇ ಡಾಕ್ಟರನ್ನು ಕೇಳುವುದು ಒಳ್ಳೆಯದು.

ನೈಲಾನ್ ಕಾಕ್ ಕೊನೆಯವರೆಗೂ ವೇಗ ಉಳಿಸಿಕೊಳ್ಳುತ್ತದೆ ಅಂದೆವಲ್ಲ, ಅದಕ್ಕೆ ಕಣ್ಣಿನ ಎಚ್ಚರಿಕೆ ಇನ್ನಷ್ಟು ಬೇಕು. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವರು ಹಿಂದಿನ ಜೊತೆಗಾರ ಹೊಡೆಯುವಾಗ ತಿರುಗಿ ನೋಡುವುದು ದೊಡ್ಡ ತಪ್ಪು. ಕಾಕ್‌ನ ಬುಡ ಕಣ್ಣಿನ ಗುಳಿಯೊಳಗೆ ಹಿಡಿಸುವಷ್ಟು ಚಿಕ್ಕದು. ಮುಖ ಮುಂದಕ್ಕೇ ಇರಲಿ, ಬ್ಯಾಟ್ ಎದೆಯ ಎತ್ತರಕ್ಕೆ ಇರಲಿ. ಚಷ್ಮಾ ಹಾಕುವವರು ಗಾಜಿನದ್ದು ಬಿಟ್ಟು ಪಾಲಿಕಾರ್ಬೊನೇಟ್ ಮಸೂರದ್ದು ಹಾಕಿಕೊಳ್ಳಿ.

ಲೇಔಟಿನ ಖಾಲಿ ಸೈಟಿನಲ್ಲೋ ಟೆರೇಸಿನ ಮೇಲೋ ಆಡುವವರಿಗೆ ಈ ಕಾಕ್ ಆಗುತ್ತದೆಯೇ? ನವೆಂಬರ್-ಡಿಸೆಂಬರಿನ ತಣ್ಣನೆ ಮುಂಜಾನೆ ಗಾಳಿ ನಿಂತಿರುವಾಗ ಆಗುತ್ತದೆ. ಆಷಾಢದ ಗಾಳಿಯಲ್ಲಿ ಯಾವ ಕಾಕ್ ಕೂಡ ಆಗುವುದಿಲ್ಲ, ಅದರಲ್ಲೂ ಗಾಳಿ ಗಿರಣಿ ನಿಲ್ಲಿಸಿರುವ ಕಪ್ಪತಗುಡ್ಡದ ಸೀಮೆಯಲ್ಲಿ ಕೇಳುವುದೇ ಬೇಡ. ಬಯಲಲ್ಲಿ ಆಡಲು 2019ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಏರ್‌ಶಟಲ್ ಅನ್ನುವ ಬೇರೆಯೇ ಕಾಕ್ ತಂದಿತು. ತಾಸಿಗೆ 12 ಕಿಲೋಮೀಟರ್ ಗಾಳಿಯವರೆಗೆ ಅದು ತಡೆಯುತ್ತದೆ. ಹತ್ತು ಮಂದಿ ಸೇರುವ ಓಣಿಯಾದರೆ ಅದಕ್ಕಿಂತ ಒಳ್ಳೆಯ ದಾರಿ ನಮ್ಮ ಹೈಸ್ಕೂಲ್ ಮೈದಾನಗಳ ಬಾಲ್ ಬ್ಯಾಡ್ಮಿಂಟನ್. ಉಣ್ಣೆಯ ಹಳದಿ ಚೆಂಡು, ಬದಿಗೆ ಐವರು, 24 ಮೀಟರ್ ಉದ್ದ 12 ಮೀಟರ್ ಅಗಲದ ಮಣ್ಣಿನ ಅಂಕಣ. ಗಾಳಿಗೆ ಅಷ್ಟಾಗಿ ಜಗ್ಗದು, ಖರ್ಚೂ ಕಡಿಮೆ. ಅದು ಕಡಿಮೆಯಾಗುತ್ತಿರುವುದು ನಿಜಕ್ಕೂ ಬೇಸರದ ಸಂಗತಿ.

ಬಾಡಿಗೆಯ ಒಂದು ತಾಸನ್ನು ಹೇಗೆ ಕಳೆಯಬೇಕು ಅನ್ನುವುದೂ ಕಾಕ್‌ನಷ್ಟೇ ಮುಖ್ಯ. ಮೊದಲ ಹದಿನೈದು ನಿಮಿಷ ಅಂಕ ಎಣಿಸಬೇಡಿ. ಇಬ್ಬಿಬ್ಬರಾಗಿ ಟಾಸ್-ಡ್ರಾಪ್, ಕಾಕ್ ಕೆಳಗೆ ಬೀಳದಂತೆ ಎಷ್ಟು ಸಲ ದಾಟಿಸಬಹುದು ಅಂತ ನೋಡಿ. ಆಮೇಲೆ 21 ಅಂಕದ ಎರಡು ಆಟ, ಜೋಡಿ ಬದಲಿಸಿ. ಛಲೋ ಆಡುವವರು ಇಬ್ಬರೂ ಒಂದೇ ಬದಿಗೆ ಬಂದರೆ ಉಳಿದಿಬ್ಬರಿಗೆ ಸಂಜೆ ಪೂರ್ತಿ ಕಾಕ್ ಹೆಕ್ಕುವ ಕೆಲಸ, ಅವರು ಮುಂದಿನ ವಾರ ಬರುವುದಿಲ್ಲ. ಸೋತವರು ಚಹಾ ಕುಡಿಸಲಿ, ರೊಕ್ಕದ ಪಂಥ ಬೇಡ. ಪಂಥ ಬಂದ ಕೂಡಲೇ ಗೆರೆಯ ಜಗಳವೂ ಬರುತ್ತದೆ. ಫೋನ್ ಚೀಲದೊಳಗೆ, ಸದ್ದು ಬಂದ್. ಆಟದ ನಡುವೆ ಒಂದು ಸಲ ಆಫೀಸಿನ ಕರೆ ಎತ್ತಿದರೆ ಆಡುತ್ತಿರುವ ನಾಲ್ವರ ತಾಸೂ ಮುರಿಯುತ್ತದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ದುಡಿಮೆಯ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಸಂಜೆಯ ಡಬಲ್ಸ್‌ನಲ್ಲಿ ಅದು ಸಲೀಸಾಗಿ ಆಗುತ್ತದೆ. ರಾತ್ರಿ ಹತ್ತರ ಸ್ಲಾಟ್ ಅಗ್ಗ ಸಿಕ್ಕರೂ ಬೆಳಗ್ಗೆ ಬೇಗ ಏಳಬೇಕಾದವರು ತಗೊಳ್ಳಬೇಡಿ. ಬಿರುಸಿನ ಆಟ ಮುಗಿದ ಕೂಡಲೇ ಮೈ ಬಿಸಿ ಇಳಿಯುವುದಿಲ್ಲ, ನಿದ್ದೆ ಹತ್ತಲು ತಡ. ನವನಗರದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇದ್ದವರಿಗೆ ಮನೆ ಹತ್ತಿರದ ಕೋರ್ಟಿಗಿಂತ ಕೆಲಸದ ಹತ್ತಿರದ ಕೋರ್ಟೇ ಬರೋಬ್ಬರಿ: ಆಟ ಮುಗಿಯುವಷ್ಟರಲ್ಲಿ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಗದ್ದಲವೂ ಇಳಿದಿರುತ್ತದೆ, ಮನೆಗೆ ಹೋಗಿ ಕೂತವರು ಮತ್ತೆ ಎದ್ದು ಹೊರಡುವುದು ಕಷ್ಟ.

ಮಾವಿಸ್ 350 ಬೇಡವಾದವರು ಮೂರು ಮಂದಿ. ಜಿಲ್ಲಾ ಮಟ್ಟದ ಪಂದ್ಯಕ್ಕೆ ತಯಾರಾಗುವ ಹುಡುಗರು ಗರಿಯ ಕಾಕ್‌ನಲ್ಲೇ ಕಲಿಯಬೇಕು; ನೈಲಾನ್‌ಗೆ ಒಗ್ಗಿದ ಕೈ ಪಂದ್ಯದ ದಿನ ಟಾಸ್‌ನ ಕೆಳಗೆ ತಡವಾಗಿ ತಲುಪುತ್ತದೆ. ಗರಿಯಲ್ಲಿ ನಮ್ಮ ಸಂಜೆಗಳಿಗೆ ಯೋನೆಕ್ಸ್‌ನ 2ನೇ ವೇಗದ ನಂಬರ್ ಅಥವಾ ಬೇರೆ ಕಂಪನಿಗಳ 76ನೇ ವೇಗದ ನಂಬರಿನಿಂದ ಶುರು ಮಾಡಿ, ಮೇಲೆ ಹೇಳಿದ ಗೆರೆಯ ಪರೀಕ್ಷೆ ಮಾಡಿ. ಎಂಟು-ಹತ್ತು ವರ್ಷದ ಮಕ್ಕಳು ಅಂಗಳದಲ್ಲಿ ಆಡಲು ಇಷ್ಟು ರೊಕ್ಕ ಹಾಕಬೇಕಾಗಿಲ್ಲ, ಫೋಮ್ ಬುಡದ್ದು ಸಾಕು. ಮೂರನೆಯವರು, ಈಗಾಗಲೇ ಮೊಣಕೈ ನೋವಿರುವವರು: ಅವರು ಕಾಕ್ ಬದಲಿಸುವ ಮುಂಚೆ ಗಟ್ಟಿಂಗ್ 20-21 ಪೌಂಡಿಗೆ ಇಳಿಸಿ, ಗ್ರಿಪ್ ಮೇಲೆ ಇನ್ನೊಂದು ಸುತ್ತು ಸುತ್ತಿ, ಎರಡು ವಾರ ಬಿಡುವು ಕೊಟ್ಟು ನೋಡಲಿ. ಉಳಿದವರು ಒಂದೇ ಡಬ್ಬಿ ತಂದು ಮುಂಚೆ ಆ ಹಿಂದಿನ ಗೆರೆಯ ಮೇಲೆ ನಿಂತು ಒಂದು ಹೊಡೆದು ನೋಡಿ. ಒಳಗಿನ ಗೆರೆಯ ಹತ್ತಿರ ಬಿದ್ದರೆ ಮುಂದಿನ ಸಲ ನಾಲ್ವರೂ ಸೇರಿ ನಾಲ್ಕು ಡಬ್ಬಿ ಒಟ್ಟಿಗೆ ತಗೊಂಡು, ಅಂಗಡಿಯವರ ಹತ್ತಿರ ಬೆಲೆ ಮಾತಾಡಬಹುದು.